ಪರದೆಯ ಪಾಠಕ್ಕೆ ಅಂಕ ಕೊಡುವವರು ಯಾರು?

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಸರ್ಕಾರಿ ಶಾಲೆಗೂ ಬೆಂಗಳೂರಿನ ಸರ್ಕಾರಿ ಶಾಲೆಗೂ ಪಠ್ಯಪುಸ್ತಕ ಒಂದೇ. ಅದರಲ್ಲಿರುವ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ, 2017ರಲ್ಲಿ ಶುರುವಾದ ‘ದೀಕ್ಷಾ’ ವೇದಿಕೆಯ ಪಾಠಗಳು ತೆರೆದುಕೊಳ್ಳುತ್ತವೆ. ಅದು ಮಗುವಿಗೆ ಹತ್ತುವ ಪಾಠವೋ, ಪುಸ್ತಕದಲ್ಲಿದ್ದದ್ದನ್ನೇ ಯಾರೋ ಓದಿ ಹೇಳಿದ್ದೋ? ಇದನ್ನು ತೂಗಿ ನೋಡಬೇಕಾದವರು ಯಾರು? ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗೆ ಅರ್ಧ ಶತಮಾನದ ವಯಸ್ಸು.

1975ರ ಆಗಸ್ಟ್ 1ರಂದು ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗ ಆರಂಭವಾಯಿತು. ಉಪಗ್ರಹ ಅಮೆರಿಕದ ನಾಸಾದ ಎಟಿಎಸ್-6, ಹೊಣೆ ಇಸ್ರೊದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ನಮ್ಮಲ್ಲಿ ಆಯ್ಕೆಯಾದವು ಗುಲ್ಬರ್ಗ, ವಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ 22 ನಿಮಿಷದಷ್ಟು ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ.

ಯಶ್ ಪಾಲ್ ನೇತೃತ್ವದ, ಅಹಮದಾಬಾದಿನಲ್ಲಿರುವ ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಎಂಜಿನಿಯರುಗಳ ಜೊತೆಗೆ ಸಮಾಜ ವಿಜ್ಞಾನಿಗಳನ್ನೂ ಕಟ್ಟಿಕೊಂಡಿತ್ತು. ಮಾದರಿ ಕಾರ್ಯಕ್ರಮಗಳನ್ನು ಮೊದಲು ಮಕ್ಕಳಿಗೆ ತೋರಿಸಿ, ಏನು ಅರ್ಥವಾಯಿತು, ಎಲ್ಲಿ ಬೇಸರ ಬಂತು ಎಂದು ಗಮನಿಸಲಾಯಿತು. ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ಉಳಿದು ಜನರನ್ನು ಹತ್ತಿರದಿಂದ ಕಂಡರು. ಪ್ರಯೋಗ ಮುಗಿದ ಮೇಲೆ ಹೊರಬಿದ್ದ ಫಲಿತಾಂಶದಲ್ಲಿ ಬಡಾಯಿ ಇರಲಿಲ್ಲ. ಮಕ್ಕಳ ಭಾಷೆ ಬೆಳೆದಿತ್ತು, ಹೊಸದನ್ನು ತಿಳಿಯುವ ಆಸೆ ಹೆಚ್ಚಿತ್ತು, ಆದರೆ ಟಿ.ವಿ. ಬಂತೆಂದು ಶಾಲೆ ಬಿಡುವವರ ಸಂಖ್ಯೆಯೇನೂ ಇಳಿದಿರಲಿಲ್ಲ. ಆದದ್ದನ್ನೂ ಆಗದ್ದನ್ನೂ ಒಟ್ಟಿಗೆ ದಾಖಲಿಸಿದ್ದೇ ಆ ಪ್ರಯೋಗದ ದೊಡ್ಡಸ್ತಿಕೆ.

ಚನ್ನಗಿರಿ, ಹೊನ್ನಾಳಿ ಕಡೆಗೆ ಉಪಗ್ರಹದ ಟಿ.ವಿ. ಬರಲಿಲ್ಲ. ಇಲ್ಲಿಗೆ ಹತ್ತಿರವಿದ್ದದ್ದು 1965ರಿಂದ ಮಾತಾಡುತ್ತಿದ್ದ ಭದ್ರಾವತಿ ಆಕಾಶವಾಣಿ. 2000ರ ದಶಕದಲ್ಲಿ ಆಕಾಶವಾಣಿಯ ಮೂಲಕ 1ರಿಂದ 3ನೇ ತರಗತಿಯ ಮಕ್ಕಳಿಗೆ ‘ಚಿಣ್ಣರ ಚುಕ್ಕಿ’ ಎಂಬ ರೇಡಿಯೊ ಪಾಠ ಬಂತು. ಇದರ ಮಾದರಿ ಹುಟ್ಟಿದ್ದು 1970ರ ದಶಕದ ನಿಕರಾಗುವಾದಲ್ಲಿ, ರೇಡಿಯೊದಲ್ಲಿ ಗಣಿತ ಕಲಿಸಲು ಹೊರಟವರ ಕೈಯಲ್ಲಿ. ರೇಡಿಯೊ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುತ್ತದೆ; ಮಕ್ಕಳು ಉತ್ತರ ಕೂಗಬೇಕು, ಹಾಡಬೇಕು, ಎದ್ದು ಕುಣಿಯಬೇಕು. ಆ ಬಿಡುವಿನಲ್ಲಿ ತರಗತಿ ಮೌನವಾಗಿದ್ದರೆ ಪಾಠ ಸೋತಿತೆಂದೇ ಲೆಕ್ಕ. ಮೇಷ್ಟ್ರಿಗೆ ತಪ್ಪು ಎಲ್ಲಿದೆಯೆಂದು ಅಲ್ಲೇ ಕಾಣುತ್ತದೆ.

ಅದೇ ದಶಕದಲ್ಲಿ ಸಿ.ಡಿ.ಗಳ ಕಾಲವೂ ಬಂತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿ ಸಾವಿರಾರು ಶಾಲೆಗಳಿಗೆ ಮುಟ್ಟಿಸಿತು. ಮುಂದೆ ಸಂಸ್ಥೆಯೇ ಆ ದಾರಿಯಿಂದ ಹಿಂದೆ ಸರಿಯಿತು. ಶಿಕ್ಷಣದಲ್ಲಿ ತಂತ್ರಜ್ಞಾನಕ್ಕಿರುವ ಮಿತಿಗಳ ಬಗ್ಗೆ ಆ ಸಂಸ್ಥೆಯ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕಾ ಅಂಕಣದಲ್ಲೇ ಬರೆದರು. ತಾವೇ ಮಾಡಿದ್ದನ್ನು ತಾವೇ ಒರೆಗೆ ಹಚ್ಚಿ, ಅದನ್ನು ಜನರೆದುರು ಇಡುವವರು ಈ ಕ್ಷೇತ್ರದಲ್ಲಿ ವಿರಳ.

2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಚಾಮರಾಜನಗರದ ಪ್ರಾಥಮಿಕ ಶಾಲೆಗಳು ಅದರ ಪಾಠ ಕಂಡವು. ಕೋವಿಡ್ ಬಂದಾಗ ಪಾಠವನ್ನು ತೂಗಿ ನೋಡಲು ಪುರುಸೊತ್ತೇ ಇರಲಿಲ್ಲ. 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು, ನಂತರ ‘ಸಂವೇದ’. ಬಾಗಿಲು ಮುಚ್ಚಿದ ಶಾಲೆಗೆ ಅವು ಆಸರೆಯಾದವು. ಆದರೆ ಪರದೆಯ ಮೇಷ್ಟ್ರಿಗೆ ಎದುರಿನ ಮಗುವಿನ ಮುಖವೇ ಕಾಣುತ್ತಿರಲಿಲ್ಲ.

ಉಪಗ್ರಹ, ರೇಡಿಯೊ, ಸಿ.ಡಿ., ಮೊಬೈಲ್: ಸಾಧನ ಬದಲಾದಂತೆ ಪಾಠ ತಲುಪಿಸುವುದು ಸಲೀಸಾಯಿತು, ಮಗುವಿನ ಬಳಿ ಕೂತು ನೋಡುವುದು ಮಾತ್ರ ಕಡಿಮೆಯಾಯಿತು. ಎಷ್ಟು ಜನ ನೋಡಿದರು ಎಂಬ ಲೆಕ್ಕ ಈಗ ತಾನಾಗಿಯೇ ಸಿಗುತ್ತದೆ. ಎಷ್ಟು ಜನಕ್ಕೆ ತಿಳಿಯಿತು ಎಂಬುದು ಹಾಗೆ ಸಿಗುವಂಥದ್ದಲ್ಲ.

ಅದನ್ನು ಪತ್ತೆಹಚ್ಚಲು ಈಗ ಇಸ್ರೊ ಬೇಕಿಲ್ಲ. ವಿಡಿಯೊವನ್ನು ನಡುವೆ ನಿಲ್ಲಿಸಿ, ಮುಂದೇನಾಗಬಹುದು ಎಂದು ಕೇಳಬಹುದು. ಮುಗಿದ ಮೇಲೆ ಮಕ್ಕಳು ತಮ್ಮ ಮಾತಲ್ಲೇ ಹೇಳಲಿ. ಉದಾಹರಣೆಗಳಲ್ಲಿ ಅಡಿಕೆ ತೋಟದ, ಜಗಳೂರಿನ ಬಯಲಿನ ಮಗುವಿಗೆ ಪರಿಚಿತವಾದದ್ದೇನಾದರೂ ಇದೆಯೇ ಎಂದು ಶಿಕ್ಷಕರು ಗುರುತು ಹಾಕಿಕೊಳ್ಳಲಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಇಂಥ ಟಿಪ್ಪಣಿಗಳು ಒಟ್ಟುಗೂಡಿ, ಪಾಠ ಮಾಡಿದವರ ಕೈಸೇರಿ, ವಿಡಿಯೊ ತಿದ್ದಿಕೊಂಡು ಮರಳಿದರೆ ಅದು ಮೌಲ್ಯಮಾಪನ. ಕಡತದಲ್ಲೇ ಉಳಿದರೆ ಇನ್ನೊಂದು ವರದಿ, ಅಷ್ಟೆ.