ಮೊಳೆತ ಶೇಂಗಾದ ಎಣ್ಣೆ ಎಲ್ಲಿ ಹೋಗುತ್ತದೆ?

ಇಫ್ತಾರಿಗೆ ಹೆಸರುಕಾಳಿನ ಜೊತೆ ಶೇಂಗಾವನ್ನೂ ಮೊಳಕೆ ಬರಿಸುವವರು ಇದ್ದಾರೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬಳ್ಳಾರಿ ಸೀಮೆಯ ಹೊಲಗಳಲ್ಲಿ ಶೇಂಗಾ ಮಣ್ಣಿನೊಳಗೇ ಮೊಳೆಯುವುದೂ ಉಂಟು. ಮೊದಲನೆಯದು ತಿನ್ನಲು ಯೋಗ್ಯ. ಎರಡನೆಯದನ್ನು ಗಾಣಕ್ಕೆ ಕೊಡಬಾರದು. ಏಕೆ?

ಒಣ ಶೇಂಗಾ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಅದು ಸಸಿಗೆ ಇಟ್ಟ ಬುತ್ತಿ. ಹಸಿರೆಲೆ ಬರುವವರೆಗೆ ಸಸಿ ತಾನೇ ಆಹಾರ ತಯಾರಿಸಿಕೊಳ್ಳಲಾರದು. ಬೇರು, ಕಾಂಡ ಬೆಳೆಯಲು ಅದಕ್ಕೆ ಸಕ್ಕರೆ ಬೇಕು. ನೀರು ತಾಗಿದ ಮೇಲೆ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಕೊಬ್ಬಿನ ಆಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತದೆ. ಜೀವಕೋಶಗಳು ಆ ಆಮ್ಲವನ್ನು ಹಂತಹಂತವಾಗಿ ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಇದರ ದಾರಿಯನ್ನು 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಬೀವರ್ಸ್ ಎಂಬ ವಿಜ್ಞಾನಿಗಳು ಹರಳು ಬೀಜದಲ್ಲಿ ತೋರಿಸಿದರು. ನಮ್ಮ ದೇಹ ಸಕ್ಕರೆಯನ್ನು ಕೊಬ್ಬಾಗಿಸಬಲ್ಲದು. ಕೊಬ್ಬಿನ ಆಮ್ಲವನ್ನು ಬೀಜದಂತೆ ಸಕ್ಕರೆಯಾಗಿಸಲಾರದು.

ಈ ಕೆಲಸ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಒಂದೆರಡು ದಿನದ ಮೊಳಕೆಯಲ್ಲಿ ಎಣ್ಣೆಯ ಬಹುಪಾಲು ಹಾಗೆಯೇ ಇರುತ್ತದೆ. ಆದ್ದರಿಂದ 'ಮೊಳಕೆ ಬಂತು, ಇನ್ನು ಎಣ್ಣೆಯಿಲ್ಲ' ಎಂದು ಮುಷ್ಟಿಗಟ್ಟಲೆ ತಿನ್ನಬೇಡಿ. ತೂಕ ಇಳಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹೊಲದಲ್ಲಿ ಮೊಳೆತು ಮತ್ತೆ ಒಣಗಿದ ಕಾಳಿನ ಕಥೆ ಬೇರೆ. ಅದರಲ್ಲಿ ಒಡೆದ ಕೊಬ್ಬಿನ ಆಮ್ಲಗಳು ಉಳಿದಿರುತ್ತವೆ. ಅಂಥ ಕಾಳಿನ ಎಣ್ಣೆ ಬೇಗ ಕಮಟುತ್ತದೆ, ಬಾಣಲೆಯಲ್ಲಿ ಬೇಗ ಹೊಗೆಯಾಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೂಷ್ಟು. ಒದ್ದೆಯಾದ ಶೇಂಗಾದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತನ್ನು ಕೆಡಿಸುತ್ತದೆ, ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದರೂ ಕುದಿಸಿದರೂ ಪೂರ್ತಿ ನಾಶವಾಗದು. ಗಾಣದ ಎಣ್ಣೆಗೂ ಸೇರಬಹುದು.

ಮನೆಯಲ್ಲಿ ಇಷ್ಟು ಪಾಲಿಸಿ:

• ಗಾಂಧಿನಗರದ ಅಂಗಡಿಯಿಂದ ತಂದ ಕಾಳಾಗಲಿ, ಊರಿನಿಂದ ಬಂದ ಚೀಲವಾಗಲಿ, ಗಾಣಕ್ಕೆ ಕೊಡುವ ಮೊದಲು ಆರಿಸಿ. ಮೊಳೆತ, ಸುಕ್ಕಾದ, ಕಪ್ಪಾದ, ಬೂಷ್ಟು ಹಿಡಿದ ಕಾಳು ತೆಗೆದುಹಾಕಿ.

• ಕಹಿ ಕಾಳು ಬಾಯಿಗೆ ಬಂದರೆ ಉಗಿದುಬಿಡಿ. ಬೂಷ್ಟು ಹಿಡಿದದ್ದನ್ನು ಕೋಳಿಗೂ ಹಾಕಬೇಡಿ.

• ಮೊಳಕೆಗೆ ಗಟ್ಟಿ ಕಾಳನ್ನೇ ಆರಿಸಿ, ದಿನಕ್ಕೆರಡು ಬಾರಿ ಶುದ್ಧ ನೀರಿನಲ್ಲಿ ತೊಳೆಯಿರಿ. ಲೋಳೆ, ವಾಸನೆ ಬಂದರೆ ಚೆಲ್ಲಿ.

• ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಮೊಳಕೆಯನ್ನು ಬೇಯಿಸಿಯೇ ಕೊಡಿ.

ನಾಲ್ಕು ಕಾಳು ಎಸೆದರೆ ಆಗುವ ನಷ್ಟ ಸಣ್ಣದು. ಮನೆಮಂದಿಯ ಆರೋಗ್ಯ ಅದಕ್ಕಿಂತ ದೊಡ್ಡದು.