ವಾಲಿಸ್ ಮಥಾಯಸ್: ಸ್ಲಿಪ್‌ನಲ್ಲಿ ನಿಂತ ನಂಬುಗೆಯ ಕೈಗಳು

ಆಟಗಾರನ ಯೋಗ್ಯತೆಯನ್ನು ಶತಕಗಳಿಂದಲೇ ಅಳೆಯುವ ರೂಢಿ ನಮ್ಮಲ್ಲಿದೆ. ಟೆಸ್ಟ್ ಪಂದ್ಯಗಳಲ್ಲಿ ಒಂದೂ ಶತಕ ಗಳಿಸದ ವಾಲಿಸ್ ಮಥಾಯಸ್ ಅವರನ್ನು ನಾವು ಸ್ಮರಿಸುವುದು ಬೇರೆಯೇ ಕಾರಣಕ್ಕೆ.

1935ರಲ್ಲಿ ಕರಾಚಿಯ ಗೋವಾ ಮೂಲದ ಕಥೋಲಿಕ ಕುಟುಂಬದಲ್ಲಿ ಜನಿಸಿದ ಅವರು ಅಲ್ಲಿಯ ಸಂತ ಪ್ಯಾಟ್ರಿಕರ ಶಾಲೆಯಲ್ಲಿ ಕಲಿತರು. 1955ರಲ್ಲಿ ಢಾಕಾದಲ್ಲಿ ನ್ಯೂಜಿಲೆಂಡ್ ವಿರುದ್ಧ ಕಣಕ್ಕಿಳಿದು, ಪಾಕಿಸ್ತಾನದ ಪರ ಟೆಸ್ಟ್ ಆಡಿದ ಪ್ರಥಮ ಮುಸ್ಲಿಮೇತರರೆನಿಸಿದರು.

1959ರ ಮಾರ್ಚ್‌ನಲ್ಲಿ ಅದೇ ಢಾಕಾದಲ್ಲಿ ವೆಸ್ಟ್ ಇಂಡೀಸ್ ಎದುರು ಪಾಕಿಸ್ತಾನ 22 ಓಟಗಳಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕುಸಿದ ತಂಡಕ್ಕೆ ಆಧಾರವಾಗಿ ನಿಂತ ಮಥಾಯಸ್ 64 ಓಟ ಗಳಿಸಿದರು. ಮೊತ್ತ 145ಕ್ಕೆ ಮುಟ್ಟಿತು. ಎರಡನೆಯ ಸರದಿಯಲ್ಲಿಯೂ ಅವರಿಂದ 45 ಓಟಗಳು ಬಂದವು. 12 ವಿಕೆಟ್ ಕಿತ್ತ ಫಜಲ್ ಮಹಮೂದರಿಗೆ ಕೀರ್ತಿ ಸಂದಿತು. ಆದರೆ ಗೆಲುವಿನ ಅಂತರ ಕೇವಲ 41 ಓಟ!

1962ರವರೆಗೆ ಆಡಿದ 21 ಟೆಸ್ಟ್‌ಗಳಲ್ಲಿ ಅವರು 783 ಓಟ ಗಳಿಸಿ 22 ಕ್ಯಾಚ್ ಹಿಡಿದರು. ಸ್ಲಿಪ್‌ನಲ್ಲಿ ದಿನವಿಡೀ ಬಾಗಿ ನಿಂತು ಒಂದು ಕ್ಷಣಕ್ಕಾಗಿ ಎಚ್ಚರದಿಂದ ಕಾಯಬೇಕು. ಬೌಲರನ ಬೆವರು ಸಾರ್ಥಕವಾಗುವುದು ಅಂತಹ ಕೈಗಳಿಂದಲೇ. 1994ರ ಸೆಪ್ಟೆಂಬರ್ 1ರಂದು ಕರಾಚಿಯಲ್ಲಿ ಅವರು ದೈವಾಧೀನರಾದರು.

ತಮ್ಮವರು ಬೆರಳೆಣಿಕೆಯಷ್ಟಿದ್ದ ನಾಡಿನಲ್ಲಿ ಮಥಾಯಸ್ ವಿಶ್ವಾಸವನ್ನು ಬೇಡಲಿಲ್ಲ, ದುಡಿದು ಗಳಿಸಿದರು. ಸಂಖ್ಯೆಯಲ್ಲಿ ಅಲ್ಪರೆಂದು ಅಳುಕುವ ನಮ್ಮ ಯುವಜನರಿಗೆ ಈ ಬಾಳು ಧೈರ್ಯ ತುಂಬಲಿ ಎಂದು ನಾವು ಹಾರೈಸುತ್ತೇವೆ.