ಟೆನ್ನಿಸ್ ಅಂಗಳದಲ್ಲಿ ನೆನೆಯಬೇಕಾದ ಸಾಲ

ಯಶವಂತಪುರದ ಮಗ್ಗುಲಲ್ಲಿ, ಹೆಮ್ಮರಗಳ ತಣ್ಣೆಳಲಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವುದು ರೂಢಿ. ಜಮ್‌ಶೆಟ್‌ಜಿ ಟಾಟಾ ಅವರ ಔದಾರ್ಯ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲ, ಇವುಗಳ ಬಲದಿಂದ 1909ರಲ್ಲಿ ಸ್ಥಾಪನೆಗೊಂಡ ಈ ವಿದ್ಯಾಮಂದಿರಕ್ಕೆ 1927ರ ಜುಲೈ 12ರಂದು ಮಹಾತ್ಮಾ ಗಾಂಧಿಯವರು ಬಂದರು.

ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ಹಕ್ಕುಗಳಿಗಾಗಿ ಹೋರಾಡಿ 1915ರಲ್ಲಿ ಸ್ವದೇಶಕ್ಕೆ ಮರಳಿದ್ದ ನಾಯಕರು ಅವರು. 1927ರಲ್ಲಿ ಅಸ್ವಸ್ಥರಾಗಿ ಮೊದಲು ನಂದಿಬೆಟ್ಟದಲ್ಲಿ, ಬಳಿಕ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು.

ವಿದ್ಯಾರ್ಥಿಗಳು ಬಡವರ ಸೇವೆಗೆಂದು ಕಾಣಿಕೆ ಅರ್ಪಿಸಿದ್ದರು. ಈ ಭವ್ಯ ಪ್ರಯೋಗಶಾಲೆಗಳ ನಡುವೆ ತಮ್ಮಂಥ ಹಳ್ಳಿಗನಿಗೆ ಎಡೆಯೆಲ್ಲಿ ಎಂದು ಗಾಂಧೀಜಿ ವಿನೋದವಾಗಿಯೇ ಮಾತು ತೆಗೆದರು. ಆದರೆ ಮುಂದಿನ ಮಾತು ವಿನೋದದ್ದಾಗಿರಲಿಲ್ಲ. ಈ ಕಟ್ಟಡ, ಈ ಯಂತ್ರಗಳಿಗೆಲ್ಲ ಹಣ ತೆರುವವನು ಹಳ್ಳಿಯ ಬಡವ. ಅವನ ಒಪ್ಪಿಗೆಯನ್ನು ಕೇಳಿದವರು ಯಾರು? ಪ್ರಾತಿನಿಧ್ಯವಿಲ್ಲದೆ ತೆರಿಗೆ ಸಲ್ಲದೆಂಬ ನ್ಯಾಯ ಅವನಿಗೂ ಅನ್ವಯಿಸುವುದಿಲ್ಲವೆ? ಕೊಟ್ಟ ಅಲ್ಪ ಕಾಣಿಕೆಯಿಂದ ತೃಪ್ತರಾಗಿ ಆಟಕ್ಕೆ ಹೊರಡಬೇಡಿರಿ. ಟೆನ್ನಿಸ್ ಅಂಗಳದಲ್ಲೂ ಬಿಲಿಯರ್ಡ್ಸ್ ಕೋಣೆಯಲ್ಲೂ ದಿನದಿನಕ್ಕೆ ಬೆಳೆಯುತ್ತಿರುವ ಆ ಸಾಲವನ್ನು ನೆನೆಯಿರಿ ಎಂದರು. ಬಡವರ ಹಿತವನ್ನು ಮರೆತ ಸಂಶೋಧನೆಯನ್ನು ಅವರು ಸೈತಾನನ ಕಾರ್ಯಾಗಾರಕ್ಕೆ ಹೋಲಿಸಿದರು.

ಪರಕೀಯರಿಂದ ಹಕ್ಕು ಕೇಳುವುದು ತರುಣರಿಗೆ ಹುರುಪಿನ ಕೆಲಸ. ತಮ್ಮಿಂದಲೇ ಹಕ್ಕು ಕೇಳಬೇಕಾದವನೊಬ್ಬ ಹೊಲದಲ್ಲಿ ಮೌನವಾಗಿ ನಿಂತಿದ್ದಾನೆಂದು ತಿಳಿಯುವುದು ಕಷ್ಟ. ಗಾಂಧೀಜಿ ಅಂದು ತೋರಿಸಿದ್ದು ಅವನನ್ನೇ.

ಮಗನಿಗೋ ಮಗಳಿಗೋ ಸರ್ಕಾರಿ ಕಾಲೇಜಿನಲ್ಲಿ ಸೀಟು ದೊರೆತಾಗ ನಾವು ನೆರೆಹೊರೆಗೆ ಸಿಹಿ ಹಂಚುತ್ತೇವೆ. ಅದರ ವೆಚ್ಚದಲ್ಲಿ ಆ ರೈತನ ಪಾಲೂ ಇದೆಯೆಂದು ಮಕ್ಕಳಿಗೆ ಒಮ್ಮೆಯಾದರೂ ಹೇಳಿದ್ದೇವೆಯೆ?